ಒಂದೇ ಕಂಪೈಲರ್, ಹತ್ತಾರು ಪ್ರೊಸೆಸರ್: ಸಿ ಭಾಷೆ ತವರು ಬಿಟ್ಟು ಹೊರಟ ಕಥೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು, ಕ್ಯಾಬ್‌ನಲ್ಲೋ ಮೆಟ್ರೋದಲ್ಲೋ ಕೂತು ಓದೋದೇ ಅನುಕೂಲ ಅನ್ನುವವರು ಇದ್ದೀರಿ. ಇವತ್ತಿನ ಮಾತು ನಿಮಗಾಗಿ ಬರಹದಲ್ಲಿ. ವಿಷಯ ತಾಂತ್ರಿಕವಾದದ್ದೇ, ಆದರೆ ಹೇಳಹೊರಟಿರೋದು ಇತಿಹಾಸ.

ಒಂದು ಚಿಕ್ಕ ಸಿ ಪ್ರೋಗ್ರಾಂ ತಗೊಳ್ಳೋಣ. ಅದರ ಕೆಲಸ ಇಷ್ಟೇ: ಫೈಲಿನಿಂದ ಒಂದೊಂದೇ ಬೈಟ್ ಓದಬೇಕು, ಫೈಲ್ ಮುಗಿದಾಗ ನಿಲ್ಲಬೇಕು. ಗೆಟ್‌ಚಾರ್ ಫಂಕ್ಷನ್ ಕರೆದು, ಬಂದದ್ದನ್ನು ಚಾರ್ ಬಗೆಯ ವೇರಿಯಬಲ್‌ನಲ್ಲಿ ಇಟ್ಟುಕೊಂಡು, ಅದು ಇಒಎಫ್‌ಗೆ ಸಮವೇ ಅಂತ ನೋಡೋದು. ಇಒಎಫ್ ಅಂದರೆ ಸಾಮಾನ್ಯವಾಗಿ ಮೈನಸ್ ಒಂದು. ಇಂಟೆಲ್ ಪ್ರೊಸೆಸರ್ ಇರುವ ಲಿನಕ್ಸ್ ಸರ್ವರ್‌ನಲ್ಲಿ ಇದು ವರ್ಷಗಟ್ಟಲೆ ತಕರಾರಿಲ್ಲದೆ ಓಡಬಹುದು. ಅದೇ ಸೋರ್ಸ್ ಕೋಡನ್ನು ಆರ್ಮ್ ಪ್ರೊಸೆಸರ್ ಇರುವ ಲಿನಕ್ಸ್ ಸರ್ವರ್‌ಗೆ ತಗೊಂಡು ಹೋಗಿ ಕಂಪೈಲ್ ಮಾಡಿ. ಎರರ್ ಬರೋದಿಲ್ಲ. ಓಡಿಸಿ. ಫೈಲ್ ಮುಗಿಯುತ್ತೆ, ಪ್ರೋಗ್ರಾಂ ಮಾತ್ರ ನಿಲ್ಲೋದಿಲ್ಲ.

ಕಾರಣ ಸರಳ. ಇಂಟೆಲ್ ಲಿನಕ್ಸ್‌ನಲ್ಲಿ ಚಾರ್ ಅನ್ನೋದು ಮೈನಸ್ 128ರಿಂದ 127ರವರೆಗಿನ ಸಂಖ್ಯೆ. ಆರ್ಮ್ ಲಿನಕ್ಸ್‌ನಲ್ಲಿ ಅದು 0ಯಿಂದ 255. ಮೈನಸ್ ಒಂದನ್ನು ಅದರೊಳಗೆ ಇಟ್ಟರೆ ಅದು 255 ಆಗಿ ಕೂರುತ್ತೆ. 255 ಯಾವ ಕಾಲಕ್ಕೂ ಮೈನಸ್ ಒಂದಕ್ಕೆ ಸಮ ಆಗೋದಿಲ್ಲ. ಹಾಗಂತ ಇಂಟೆಲ್‌ನಲ್ಲಿ ಕೋಡ್ ಸರಿಯಾಗಿತ್ತು ಅಂತಲ್ಲ. ಫೈಲಿನ ಮಧ್ಯೆ 255 ಅನ್ನೋ ಬೈಟ್ ನಿಜವಾಗಿ ಬಂದರೆ, ಅಲ್ಲಿ ಅದು ಅರ್ಧದಲ್ಲೇ ನಿಂತುಬಿಡುತ್ತೆ. ಗೆಟ್‌ಚಾರ್ ಕೊಡೋದನ್ನು ಇಂಟ್‌ನಲ್ಲೇ ಇಟ್ಟುಕೊಳ್ಳಬೇಕು.

ಒಂದೇ ಭಾಷೆಯ ಒಂದೇ ಪದಕ್ಕೆ ಎರಡು ಕಡೆ ಎರಡು ಅರ್ಥ ಯಾಕೆ ಬಂತು? ಕ್ಲೌಡ್ ಬಿಲ್ ಇಳಿಸೋಕೆ ಅಂತ ಇಂಟೆಲ್‌ನಿಂದ ಆರ್ಮ್‌ಗೆ ಸರ್ವೀಸ್‌ಗಳನ್ನು ಸಾಗಿಸುತ್ತಿರುವ ನಮ್ಮ ಎಷ್ಟೋ ಜನಕ್ಕೆ ಇದು ಇವತ್ತಿನ ಪ್ರಶ್ನೆ. ಉತ್ತರ ಮಾತ್ರ ಐವತ್ತು ವರ್ಷ ಹಿಂದಿನದು.

ಒಂದೇ ಯಂತ್ರದ ಮಡಿಲಲ್ಲಿ

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ ಸಿ ಭಾಷೆಯನ್ನು ಬೆಳೆಸಿದ್ದು ಪಿಡಿಪಿ-11 ಅನ್ನೋ ಯಂತ್ರದ ಮೇಲೆ. ಅದನ್ನು ತಯಾರಿಸಿದ್ದು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್, ಅಂದರೆ ಡಿಇಸಿ. 1973ರ ಬೇಸಿಗೆಯ ಹೊತ್ತಿಗೆ ಯೂನಿಕ್ಸ್ ಕರ್ನಲನ್ನೇ ಸಿಯಲ್ಲಿ ಮತ್ತೆ ಬರೆಯುವಷ್ಟು ಭಾಷೆ ಗಟ್ಟಿಯಾಗಿತ್ತು. ಆಗ ರಿಚಿ ಅವರ ಕಂಪೈಲರ್‌ಗೆ ಪಿಡಿಪಿ-11ರ ಒಳಹೊರಗೆಲ್ಲ ಗೊತ್ತಿತ್ತು. ಆ ಯಂತ್ರದ ಅಭ್ಯಾಸಗಳು ಸದ್ದಿಲ್ಲದೆ ಭಾಷೆಯೊಳಗೂ ಇಳಿದವು.

ಪಿಡಿಪಿ-11 ಮೆಮೊರಿಯಿಂದ ಒಂದು ಬೈಟನ್ನು ರಿಜಿಸ್ಟರ್‌ಗೆ ತಂದಾಗ ಅದರ ಚಿಹ್ನೆಯ ಬಿಟ್ಟನ್ನು ಮೇಲಿನ ಎಂಟು ಬಿಟ್‌ಗಳಿಗೂ ಹರಡುತ್ತೆ. ಹಾರ್ಡ್‌ವೇರ್ ಮಾಡಿದ್ದೇ ಹಾಗೆ. ಆದ್ದರಿಂದ ಅಲ್ಲಿ ಚಾರ್‌ಗೆ ಮೈನಸ್ ಚಿಹ್ನೆ ಪುಕ್ಕಟೆಯಾಗಿ ಬಂತು. 1985ರಲ್ಲಿ ಮೊದಲ ಆರ್ಮ್ ಚಿಪ್ ಬಂದಾಗ ಕಥೆ ತಿರುಗಾಮುರುಗಾ. ಅದರ ಬೈಟ್ ಲೋಡ್ ಇನ್‌ಸ್ಟ್ರಕ್ಷನ್ ಮೇಲಿನ ಬಿಟ್‌ಗಳಿಗೆ ಸೊನ್ನೆ ತುಂಬುತ್ತಿತ್ತು. ಚಿಹ್ನೆ ಹರಡುವ ಲೋಡ್ ಇನ್‌ಸ್ಟ್ರಕ್ಷನ್ ಬಂದದ್ದು ಆರ್ಮ್ ಆರ್ಕಿಟೆಕ್ಚರ್‌ನ ನಾಲ್ಕನೇ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಚಿಹ್ನೆ ಬೇಕು ಅಂದರೆ ಪ್ರತಿ ಸಲ ಎಡಕ್ಕೊಮ್ಮೆ ಬಲಕ್ಕೊಮ್ಮೆ ಶಿಫ್ಟ್ ಮಾಡಬೇಕಿತ್ತು. ಹಾಗಾಗಿ ಅಲ್ಲಿ ಚಿಹ್ನೆ ಇಲ್ಲದ ಚಾರ್ ಅಗ್ಗವಾಯಿತು. ಎರಡೂ ಕಡೆಯವರು ತಮ್ಮ ಯಂತ್ರಕ್ಕೆ ಯಾವುದು ಅಗ್ಗವೋ ಅದನ್ನೇ ಆರಿಸಿಕೊಂಡರು.

ಚಾರ್ ಒಂದೇ ಅಲ್ಲ. ಪಿಡಿಪಿ-11ರಲ್ಲಿ ಇಂಟ್ ಕೂಡ 16 ಬಿಟ್, ಪಾಯಿಂಟರ್ ಕೂಡ 16 ಬಿಟ್. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೂ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಒಂದೇ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ತಮ್ಮ ಮಾತಿನಲ್ಲಿ ಆ ಊರಿನ ಸೊಗಡಿದೆ ಅಂತ ಗೊತ್ತೇ ಇರೋದಿಲ್ಲ. ಹೊರಗೆ ಕಾಲಿಟ್ಟಾಗಲೇ ಗೊತ್ತಾಗೋದು. ಸಿ ಭಾಷೆಗೂ ಆಗಿದ್ದು ಅದೇ.

ಯಂತ್ರಗಳ ನಡುವಿನ ದೂರ

ಯಂತ್ರಗಳು ಎಷ್ಟು ಬೇರೆ ಬೇರೆ ಅನ್ನೋದಕ್ಕೆ ಒಂದು ಉದಾಹರಣೆ. "ಮೊತ್ತ = ಬೆಲೆ + ತೆರಿಗೆ" ಅಂತ ಒಂದು ಸಾಲು ಇದೆ ಅಂದುಕೊಳ್ಳಿ. ಮೂರೂ ಮೆಮೊರಿಯಲ್ಲಿವೆ. ಡಿಇಸಿಯವರದೇ ವ್ಯಾಕ್ಸ್ ಯಂತ್ರದಲ್ಲಿ ಇದಕ್ಕೆ ಒಂದೇ ಇನ್‌ಸ್ಟ್ರಕ್ಷನ್ ಸಾಕು, ಮೂರು ಮೆಮೊರಿ ವಿಳಾಸಗಳನ್ನೂ ಅದೇ ನೋಡಿಕೊಳ್ಳುತ್ತೆ. ಪಿಡಿಪಿ-11ರಲ್ಲಿ ಎರಡು ಬೇಕು: ಬೆಲೆಯನ್ನು ಮೊತ್ತಕ್ಕೆ ನಕಲು ಮಾಡು, ಆಮೇಲೆ ತೆರಿಗೆಯನ್ನು ಕೂಡಿಸು. ಮಿಪ್ಸ್, ಸ್ಪಾರ್ಕ್, ಆರ್ಮ್ ಥರದವುಗಳಲ್ಲಿ ಕಡಿಮೆ ಅಂದರೂ ನಾಲ್ಕು: ಒಂದನ್ನು ರಿಜಿಸ್ಟರ್‌ಗೆ ತಾ, ಇನ್ನೊಂದನ್ನು ತಾ, ಕೂಡಿಸು, ವಾಪಸ್ ಮೆಮೊರಿಗೆ ಬರೆ.

ಹೀಗಿರುವಾಗ ಎಲ್ಲಕ್ಕೂ ಒಂದೇ ಕಂಪೈಲರ್ ಹೇಗೆ ಬರೆಯೋದು? ಈ ಪ್ರಶ್ನೆ ಸಿಗಿಂತ ಹಳೆಯದು. 1958ರಲ್ಲೇ ಅನ್‌ಕಾಲ್ ಅನ್ನೋ ಒಂದು ಪ್ರಸ್ತಾಪ ಬಂದಿತ್ತು. ಎಲ್ಲ ಭಾಷೆಗಳಿಗೂ ಎಲ್ಲ ಯಂತ್ರಗಳಿಗೂ ನಡುವೆ ಒಂದೇ ಸಾಮಾನ್ಯ ಭಾಷೆ ಇರಲಿ, ಆಗ ಪ್ರತಿ ಜೋಡಿಗೂ ಬೇರೆ ಕಂಪೈಲರ್ ಬರೆಯೋದು ತಪ್ಪುತ್ತೆ ಅನ್ನೋದು ಲೆಕ್ಕ. ಲೆಕ್ಕ ಚೆನ್ನಾಗಿತ್ತು, ಕೆಲಸ ಕೈಗೂಡಲಿಲ್ಲ. ಎಲ್ಲರನ್ನೂ ಮೆಚ್ಚಿಸುವ ನಡುಭಾಷೆ ಸಿಗಲಿಲ್ಲ.

ಸಣ್ಣ ಸಿ ಕಂಪೈಲರ್‌ಗಳನ್ನು ಬರೆದವರು ಅಷ್ಟು ದೊಡ್ಡ ಆಸೆ ಇಟ್ಟುಕೊಳ್ಳಲಿಲ್ಲ. ಭಾಷೆ ಒಂದೇ, ಸಿ. ಯಂತ್ರಗಳು ಕೈಬೆರಳೆಣಿಕೆಯಷ್ಟು. ಅವರು ತಮಗೆ ತಾವೇ ಕೇಳಿಕೊಂಡದ್ದು ಒಂದೇ ಪ್ರಶ್ನೆ: ಯಂತ್ರಕ್ಕೆ ಸಂಬಂಧಪಟ್ಟದ್ದು ಯಾವುದು, ಸಂಬಂಧಪಡದ್ದು ಯಾವುದು, ಎರಡರ ನಡುವೆ ಗೆರೆ ಎಲ್ಲಿ ಎಳೆಯಬೇಕು? ಮುಂದಿನ ಕಥೆಯೆಲ್ಲ ಈ ಗೆರೆಯದ್ದು.

ಜಾನ್ಸನ್ ಎಳೆದ ಗೆರೆ

ಮೊದಲ ಪ್ರಯತ್ನಗಳಲ್ಲಿ ಒಂದು ಅಲನ್ ಸ್ನೈಡರ್ ಅವರದ್ದು. ಹನಿವೆಲ್ 6000 ಯಂತ್ರಕ್ಕೆ ಅವರು ಬರೆದ ಸಿ ಕಂಪೈಲರ್ ಬಗ್ಗೆ ಎಂಐಟಿಯ ವರದಿ 1975ರಲ್ಲಿ ಪ್ರಕಟವಾಯಿತು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅಂತಾರಲ್ಲ, ಹನಿವೆಲ್ ಆ ಪೋರ. ಅದರ ಪದ 36 ಬಿಟ್, ಒಂದು ಚಾರ್ 9 ಬಿಟ್. 1978ರಲ್ಲಿ ಬಂದ ಕೆರ್ನಿಘನ್ ಮತ್ತು ರಿಚಿ ಅವರ ಸಿ ಪುಸ್ತಕದ ಮೊದಲ ಆವೃತ್ತಿಯಲ್ಲಿ ಒಂದು ಪುಟ್ಟ ಪಟ್ಟಿ ಇದೆ: ಪಿಡಿಪಿ-11, ಹನಿವೆಲ್ 6000, ಐಬಿಎಂ 370, ಇಂಟರ್‌ಡೇಟಾ 8/32. ನಾಲ್ಕು ಯಂತ್ರಗಳಲ್ಲಿ ಇಂಟ್‌ಗೆ ಮೂರು ಅಳತೆ: 16, 36, 32. ಐಬಿಎಂನಲ್ಲಿ ಅಕ್ಷರಗಳ ಕೋಡ್ ಕೂಡ ಬೇರೆ, ಆಸ್ಕಿ ಬದಲು ಎಬ್ಸಿಡಿಕ್. ಭಾಷೆ ತವರು ಬಿಟ್ಟು ಹೊರಟಿದೆ ಅನ್ನೋದಕ್ಕೆ ಆ ಪಟ್ಟಿಯೇ ಸಾಕ್ಷಿ.

ಆಮೇಲೆ ಬಂದವರು ಬೆಲ್ ಲ್ಯಾಬ್ಸ್‌ನ ಸ್ಟೀವ್ ಜಾನ್ಸನ್. ಯಾಕ್ ಅನ್ನೋ ಪಾರ್ಸರ್ ಜನರೇಟರ್ ಬರೆದವರೂ ಇವರೇ. ಇವರ ಕಂಪೈಲರ್‌ಗೆ ಪೋರ್ಟಬಲ್ ಸಿ ಕಂಪೈಲರ್ ಅಂತ ಹೆಸರು, ಚಿಕ್ಕದಾಗಿ ಪಿಸಿಸಿ. ಅದು ಎರಡು ಹಂತಗಳಲ್ಲಿ ಕೆಲಸ ಮಾಡುತ್ತೆ. ಮೊದಲ ಹಂತ ಸೋರ್ಸ್ ಓದಿ, ವ್ಯಾಕರಣ ನೋಡಿ, ಪ್ರತಿ ಲೆಕ್ಕವನ್ನೂ ಒಂದು ಮರವಾಗಿ ಕಟ್ಟುತ್ತೆ. ನಮ್ಮ ಉದಾಹರಣೆಯಲ್ಲಿ "=" ಬುಡ, ಒಂದು ಕೊಂಬೆಯಲ್ಲಿ ಮೊತ್ತ, ಇನ್ನೊಂದರಲ್ಲಿ "+", ಅದರ ಕೆಳಗೆ ಬೆಲೆ ಮತ್ತು ತೆರಿಗೆ. ಎರಡನೇ ಹಂತದಲ್ಲಿ ಒಂದು ಕೋಷ್ಟಕ ಇರುತ್ತೆ: ಮರದ ಇಂಥ ತುಂಡು ಕಂಡರೆ ಇಂಥ ಇನ್‌ಸ್ಟ್ರಕ್ಷನ್ ಬರೆ. ಹೊಸ ಯಂತ್ರ ಬಂದಾಗ ಬದಲಾಗೋದು ಮುಖ್ಯವಾಗಿ ಆ ಕೋಷ್ಟಕ ಮತ್ತು ಅದರ ಸುತ್ತಲಿನ ಒಂದಿಷ್ಟು ಫಂಕ್ಷನ್‌ಗಳು. ಕಂಪೈಲರ್‌ನ ಬಹುಪಾಲು ಹಾಗೇ ಉಳಿಯುತ್ತೆ.

ಇಲ್ಲಿ ನಮ್ಮ ದೇಶದ ಒಂದು ಕೊಂಡಿ ಇದೆ. ದೊಡ್ಡ ಲೆಕ್ಕವೊಂದನ್ನು ಇರುವ ರಿಜಿಸ್ಟರ್‌ಗಳಲ್ಲೇ ಮುಗಿಸಬೇಕು ಅಂದರೆ ಮರದ ಯಾವ ಕೊಂಬೆಯನ್ನು ಮೊದಲು ಲೆಕ್ಕ ಹಾಕಬೇಕು? ಪ್ರತಿ ಕೊಂಬೆಗೆ ಎಷ್ಟು ರಿಜಿಸ್ಟರ್ ಬೇಕು ಅಂತ ಬುಡದವರೆಗೂ ಒಂದು ಸಂಖ್ಯೆ ಬರೆದುಕೊಂಡು ಬನ್ನಿ, ಹೆಚ್ಚು ಬೇಕಾದ ಕೊಂಬೆಯನ್ನು ಮೊದಲು ಮುಗಿಸಿ. 1970ರಲ್ಲಿ ಪ್ರಕಟವಾದ ಈ ವಿಧಾನಕ್ಕೆ ಸೇಠಿ-ಉಲ್ಮನ್ ಅಂತ ಹೆಸರು. ಸೇಠಿ ಅಂದರೆ ಐಐಟಿ ಕಾನ್ಪುರದಲ್ಲಿ ಓದಿದ ರವಿ ಸೇಠಿ. ಕಂಪೈಲರ್ ಪಾಠದ ಹೆಸರಾಂತ "ಡ್ರ್ಯಾಗನ್ ಬುಕ್"ನ ಲೇಖಕರಲ್ಲಿ ಒಬ್ಬರು. ಜಾನ್ಸನ್ ಈ ಸಂಖ್ಯೆಗಳನ್ನು ಪಿಸಿಸಿಯಲ್ಲಿ ಬಳಸಿದರು. ರಿಜಿಸ್ಟರ್ ಎಷ್ಟಿವೆ ಅನ್ನೋದು ಯಂತ್ರದ ವಿಷಯ, ಎಣಿಸುವ ರೀತಿ ಎಲ್ಲ ಯಂತ್ರಕ್ಕೂ ಒಂದೇ. ಗೆರೆ ಎಳೆಯೋದು ಅಂದರೆ ಇದೇ.

ಇಂಟರ್‌ಡೇಟಾ ಪರೀಕ್ಷೆ

ಪಿಸಿಸಿಗೆ ನಿಜವಾದ ಪರೀಕ್ಷೆ ಎದುರಾದದ್ದು 1977ರಲ್ಲಿ. ಒಂದು ಕಂಪ್ಯೂಟರ್‌ನ ಪ್ರೋಗ್ರಾಂಗಳನ್ನು ಇನ್ನೊಂದರ ಆಪರೇಟಿಂಗ್ ಸಿಸ್ಟಮ್‌ಗೆ ಹೊಂದಿಸೋದು ತುಂಬಾ ತಲೆನೋವು ಅಂತ ಜಾನ್ಸನ್ ಮತ್ತು ರಿಚಿಗೆ ಅನುಭವವಾಗಿತ್ತು. ಅದರ ಬದಲು ಆಪರೇಟಿಂಗ್ ಸಿಸ್ಟಮನ್ನೇ ಎತ್ತಿ ಹೊಸ ಯಂತ್ರದ ಮೇಲೆ ಇಟ್ಟರೆ? ಯೂನಿಕ್ಸನ್ನು ಇಂಟರ್‌ಡೇಟಾ 8/32 ಅನ್ನೋ 32 ಬಿಟ್ ಯಂತ್ರಕ್ಕೆ ಸಾಗಿಸಲು ಹೊರಟರು. ಅದೇ ಹೊತ್ತಿಗೆ ಆಸ್ಟ್ರೇಲಿಯಾದ ವುಲಂಗಾಂಗ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಮಿಲ್ಲರ್ ಕೂಡ ತಮ್ಮ ಪಾಡಿಗೆ ತಾವು ಇಂಟರ್‌ಡೇಟಾ 7/32ಕ್ಕೆ ಯೂನಿಕ್ಸ್ ಸಾಗಿಸುತ್ತಿದ್ದರು.

ಕಂಪೈಲರ್ ಸಿದ್ಧವಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅಲ್ಲಿಯವರೆಗೆ ಬರೆದಿದ್ದ ಸಿ ಪ್ರೋಗ್ರಾಂಗಳಲ್ಲಿ ಪಿಡಿಪಿ-11 ಅಡಗಿ ಕೂತಿತ್ತು. ಇಂಟ್ ಮತ್ತು ಪಾಯಿಂಟರ್ ಬೆರೆಸಿದ ಕೋಡ್, ಚಾರ್‌ಗೆ ಚಿಹ್ನೆ ಇದೆ ಅಂತ ನಂಬಿದ ಕೋಡ್, ಬೈಟ್‌ಗಳ ಕ್ರಮವನ್ನು ನಂಬಿದ ಕೋಡ್. ಪಿಡಿಪಿ-11 ಒಂದು ಪದದಲ್ಲಿ ಕೆಳಗಿನ ಬೈಟನ್ನು ಮೊದಲು ಇಡುತ್ತೆ, ಇಂಟರ್‌ಡೇಟಾ ಮೇಲಿನದನ್ನು ಮೊದಲು ಇಡುತ್ತೆ. ಎರಡೆರಡು ಬೈಟ್ ಅದಲುಬದಲಾದರೆ ಇಂಗ್ಲಿಷಿನಲ್ಲಿ ಯು-ಎನ್-ಐ-ಎಕ್ಸ್ ಅಂತ ಬರೆದದ್ದು ಎನ್-ಯು-ಎಕ್ಸ್-ಐ ಆಗುತ್ತೆ. ಈ ಥರದ ತೊಂದರೆಗೆ ಎಂಜಿನಿಯರ್‌ಗಳ ಬಾಯಲ್ಲಿ "ನುಕ್ಸಿ" ಅಂತಲೇ ಹೆಸರು ಬಿತ್ತು.

ಇಂಥ ಅಡಗಿದ ನಂಬಿಕೆಗಳನ್ನು ಹುಡುಕೋಕೆ ಜಾನ್ಸನ್ ತಮ್ಮ ಪಿಸಿಸಿಯ ಮೊದಲ ಹಂತವನ್ನೇ ಮಾರ್ಪಡಿಸಿ ಇನ್ನೊಂದು ಸಾಧನ ಮಾಡಿದರು. ಅದೇ ಲಿಂಟ್. ಇವತ್ತು ಜಾವಾಸ್ಕ್ರಿಪ್ಟ್ ಬರೆಯುವವರೂ ಪೈಥಾನ್ ಬರೆಯುವವರೂ "ಲಿಂಟ್ ಪಾಸ್ ಆಯ್ತಾ?" ಅಂತ ಕೇಳ್ತೀವಲ್ಲ, ಆ ಪದದ ಬೇರು ಇಲ್ಲಿದೆ. ಬೇರೆ ಯಂತ್ರಕ್ಕೆ ಹೋದರೆ ಮುರಿದುಬೀಳುವ ಕೋಡನ್ನು ಮೊದಲೇ ಗುರುತಿಸೋದು ಅದರ ಮುಖ್ಯ ಕೆಲಸಗಳಲ್ಲಿ ಒಂದಾಗಿತ್ತು.

ಇದರಿಂದ ಏನು ಸಿಕ್ಕಿತು? ಒಂದೇ ಕಂಪನಿಯ ಒಂದೇ ಯಂತ್ರದ ಹಂಗು ತಪ್ಪಿತು. 1979ರಲ್ಲಿ ಜಾನ್ ರೈಸರ್ ಮತ್ತು ಟಾಮ್ ಲಂಡನ್ ಪಿಸಿಸಿ ಬಳಸಿ ಯೂನಿಕ್ಸನ್ನು ವ್ಯಾಕ್ಸ್‌ಗೆ ತಂದರು. ಬರ್ಕ್ಲಿ ಯೂನಿಕ್ಸ್ ಬೆಳೆದದ್ದು ಆ ಬುನಾದಿಯ ಮೇಲೆ. 80ರ ದಶಕದಲ್ಲಿ ಹೊಸ ಹೊಸ ಚಿಪ್ ಹಾಕಿ ವರ್ಕ್‌ಸ್ಟೇಷನ್ ಮಾಡಲು ಹೊರಟ ಕಂಪನಿಗಳಿಗೆ ಆಪರೇಟಿಂಗ್ ಸಿಸ್ಟಮ್ ಮೊದಲಿಂದ ಬರೆಯುವ ಕಷ್ಟ ಉಳಿಯಿತು. ಇದಕ್ಕೆ ಬೆಲೆಯೂ ಇತ್ತು. 1979ರ ಏಳನೇ ಆವೃತ್ತಿಯ ಯೂನಿಕ್ಸ್‌ನಲ್ಲಿ ಪಿಸಿಸಿ ಜೊತೆಗೆ ಬಂದರೂ, ಪಿಡಿಪಿ-11ರ ಮೇಲೆ ದಿನನಿತ್ಯದ ಕಂಪೈಲರ್ ಆಗಿ ಉಳಿದದ್ದು ರಿಚಿ ಅವರ ಹಳೆಯದೇ. ಒಂದೇ ಯಂತ್ರವನ್ನು ಚೆನ್ನಾಗಿ ಬಲ್ಲವನ ಮುಂದೆ ಹತ್ತು ಯಂತ್ರಕ್ಕೆ ಒಗ್ಗುವವನು ಒಂದು ಹೆಜ್ಜೆ ಹಿಂದೆ.

ಗೆರೆಯನ್ನು ಒಪ್ಪಂದ ಮಾಡಿದವರು

1987ರಲ್ಲಿ ರಿಚರ್ಡ್ ಸ್ಟಾಲ್ಮನ್ ಅವರ ಜಿಸಿಸಿ ಬಂತು. ಯಂತ್ರದ ವಿವರಣೆಯನ್ನು ಬೇರೆಯೇ ಫೈಲಿನಲ್ಲಿ ಬರೆಯುವ ಅದರ ಪದ್ಧತಿಯ ಹಿಂದೆ ಜ್ಯಾಕ್ ಡೇವಿಡ್ಸನ್ ಮತ್ತು ಕ್ರಿಸ್ಟೋಫರ್ ಫ್ರೇಸರ್ ಅವರ ಸಂಶೋಧನೆ ಇದೆ. ಜಿಸಿಸಿ ಬೆಳೆದು ಬೃಹತ್ತಾಯಿತು. ಸ್ವಾರಸ್ಯ ಏನು ಅಂದರೆ, ಅದೇ ಫ್ರೇಸರ್ ಆಮೇಲೆ ಡೇವಿಡ್ ಹ್ಯಾನ್ಸನ್ ಜೊತೆ ಸೇರಿ ಬರೆದದ್ದು ಒಂದು ಸಣ್ಣ ಕಂಪೈಲರನ್ನು. ಅದರ ಹೆಸರು ಎಲ್‌ಸಿಸಿ. 1995ರಲ್ಲಿ ಅವರು ಕಂಪೈಲರ್‌ನ ಕೋಡನ್ನು ವಿವರಣೆಯ ಜೊತೆ ಪುಸ್ತಕವಾಗಿಯೇ ಪ್ರಕಟಿಸಿದರು. ಮಿಪ್ಸ್, ಸ್ಪಾರ್ಕ್, ಇಂಟೆಲ್ 386, ಮೂರು ಯಂತ್ರಗಳ ಕೋಡ್ ಅದರಲ್ಲಿದೆ.

ಎಲ್‌ಸಿಸಿಯಲ್ಲಿ ಗೆರೆ ಒಂದು ಲಿಖಿತ ಒಪ್ಪಂದ. ಮುಂಭಾಗಕ್ಕೆ ಸಿ ಗೊತ್ತು, ಹಿಂಭಾಗಕ್ಕೆ ಯಂತ್ರ ಗೊತ್ತು. ನಡುವಿನ ಮಾತುಕತೆಗೆ 36 ಆಪರೇಟರ್‌ಗಳ ಒಂದು ಪುಟ್ಟ ಭಾಷೆ ಮತ್ತು ಕೆಲವೇ ಫಂಕ್ಷನ್‌ಗಳು. ಪ್ರತಿ ಯಂತ್ರವೂ ತನ್ನ ಪರಿಚಯಪತ್ರ ಕೊಡಬೇಕು: ನನ್ನಲ್ಲಿ ಇಂಟ್ ಎಷ್ಟು ಬೈಟ್, ಅದು ಎಂಥ ವಿಳಾಸದಲ್ಲಿ ಕೂರಬೇಕು, ಬೈಟ್‌ಗಳ ಕ್ರಮ ಯಾವುದು. ನಂತರದ ಆವೃತ್ತಿಯಲ್ಲಿ "ನನ್ನಲ್ಲಿ ಚಾರ್‌ಗೆ ಚಿಹ್ನೆ ಇಲ್ಲ" ಅಂತ ಹೇಳೋಕೂ ಒಂದು ಕಾಲಂ ಸೇರಿತು. ಪಿಡಿಪಿ-11ರ ಕಾಲದಲ್ಲಿ ಯಾರೂ ಬಾಯಿಬಿಟ್ಟು ಹೇಳದೆ ಇದ್ದ ವಿಷಯ ಕೊನೆಗೆ ಕಾಗದದ ಮೇಲೆ ಬಂತು. ಎಲ್ಲ ಯಂತ್ರಗಳ ಹಿಂಭಾಗವೂ ಒಂದೇ ಪ್ರೋಗ್ರಾಂನೊಳಗೆ ಇರುತ್ತೆ. ಯಾವುದು ಬೇಕು ಅಂತ ಒಂದು ಆಪ್ಷನ್ ಕೊಟ್ಟರೆ ಆಯಿತು.

ಒಪ್ಪಂದ ಇಷ್ಟು ಸ್ಪಷ್ಟವಾಗಿದ್ದರೆ ಯಂತ್ರ ನಿಜವಾಗಿ ಇರಲೇಬೇಕು ಅಂತಿಲ್ಲ. 1999ರ ಕ್ವೇಕ್ 3 ಗೇಮ್ ಆಡಿದವರು ನಮ್ಮಲ್ಲಿ ಬಹಳ ಜನ ಇದ್ದೀರಿ, ಹಾಸ್ಟೆಲ್ ಲ್ಯಾನ್‌ನಲ್ಲಿ. ಆ ಗೇಮಿನ ನಿಯಮಗಳನ್ನು ಸಿಯಲ್ಲಿ ಬರೆದು, ಸ್ವಲ್ಪ ಬದಲಿಸಿದ ಎಲ್‌ಸಿಸಿಯಿಂದ ಒಂದು ಕಲ್ಪಿತ ಯಂತ್ರದ ಬೈಟ್‌ಕೋಡ್‌ಗೆ ಕಂಪೈಲ್ ಮಾಡುತ್ತಿದ್ದರು. ಹಾಗಾಗಿ ಒಬ್ಬರು ಮಾಡಿದ ಮಾಡ್ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತಿತ್ತು.

ಇನ್ನೆರಡು ದಾರಿಗಳು

ಬೆಲ್ ಲ್ಯಾಬ್ಸ್‌ನಲ್ಲೇ ಕೆನ್ ಥಾಂಪ್ಸನ್ ಪ್ಲಾನ್ 9 ಆಪರೇಟಿಂಗ್ ಸಿಸ್ಟಮ್‌ಗಾಗಿ ಬೇರೆ ಗೆರೆ ಎಳೆದರು. ಅಲ್ಲಿ ಪ್ರತಿ ಯಂತ್ರಕ್ಕೂ ಬೇರೆಯದೇ ಕಂಪೈಲರ್ ಪ್ರೋಗ್ರಾಂ, ಆದರೆ ಅವೆಲ್ಲ ಒಂದೇ ಸಾಮಾನ್ಯ ಕೋಡ್ ಹಂಚಿಕೊಳ್ಳುತ್ತವೆ. ಪ್ರತಿ ಯಂತ್ರಕ್ಕೆ ಒಂದೇ ಒಂದು ಗುರುತಿನ ಅಕ್ಷರ ಅಥವಾ ಅಂಕಿ: ಮಿಪ್ಸ್‌ಗೆ ವಿ, ಸ್ಪಾರ್ಕ್‌ಗೆ ಕೆ, 386ಕ್ಕೆ 8, ಆರ್ಮ್‌ಗೆ 5, ಎಎಂಡಿ64ಕ್ಕೆ 6. ಆಬ್ಜೆಕ್ಟ್ ಫೈಲಿಗೂ ಅದೇ ಗುರುತು, ಹಾಗಾಗಿ ಒಂದೇ ಡೈರೆಕ್ಟರಿಯಲ್ಲಿ ಹಲವು ಯಂತ್ರಗಳ ಫೈಲ್‌ಗಳು ಜಗಳವಿಲ್ಲದೆ ಇರಬಹುದು. ಯಾವ ಯಂತ್ರದ ಮೇಲೆ ಕೂತು ಯಾವ ಯಂತ್ರಕ್ಕೆ ಬೇಕಾದರೂ ಕಂಪೈಲ್ ಮಾಡೋದು ಅಲ್ಲಿ ದಿನದ ಮಾತು.

ಗೋ ಭಾಷೆಯಲ್ಲಿ ಕೆಲಸ ಮಾಡುವವರಿಗೆ ಇದು ಪರಿಚಿತ ಅನ್ನಿಸಬೇಕು. ಗೋ ಕಂಪೈಲರ್ ಬೆಳೆದದ್ದು ಈ ಪ್ಲಾನ್ 9 ಬಳಗದಿಂದಲೇ. 2015ರಲ್ಲಿ 1.5ನೇ ಆವೃತ್ತಿ ಬರುವವರೆಗೆ ಅದರ ಕಂಪೈಲರ್‌ಗಳ ಹೆಸರು 5ಜಿ, 6ಜಿ, 8ಜಿ ಅಂತಲೇ ಇತ್ತು. ಇವತ್ತು ಲ್ಯಾಪ್‌ಟಾಪ್‌ನಲ್ಲಿ ಕೂತು ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ ಬದಲಿಸಿ ಆರ್ಮ್ ಸರ್ವರ್‌ಗೆ ಬೈನರಿ ಮಾಡ್ತೀವಲ್ಲ, ಆ ಸುಖ ಆ ಮನೆತನದ ಬಳುವಳಿ.

ಇನ್ನೊಂದು ದಾರಿ ಫ್ರಾನ್ಸ್‌ನ ಫ್ಯಾಬ್ರಿಸ್ ಬೆಲ್ಲಾರ್ ಅವರದ್ದು. ಎಫ್‌ಎಫ್‌ಎಂಪೆಗ್, ಕ್ಯೂಎಮು ಶುರು ಮಾಡಿದವರೂ ಇವರೇ. 2001ರಲ್ಲಿ, ಬೇಕಂತಲೇ ಅರ್ಥವಾಗದ ಹಾಗೆ ಸಿ ಬರೆಯುವ ಅಂತರರಾಷ್ಟ್ರೀಯ ಸ್ಪರ್ಧೆಗೆ ಒಂದು ಪುಟಾಣಿ ಸಿ ಕಂಪೈಲರ್ ಕಳಿಸಿ ಗೆದ್ದರು. ಅದೇ ಬೆಳೆದು ಟೈನಿ ಸಿ ಕಂಪೈಲರ್, ಟಿಸಿಸಿ, ಆಯಿತು. ಇದರಲ್ಲಿ ಮರವೂ ಇಲ್ಲ, ನಡುಭಾಷೆಯೂ ಇಲ್ಲ. ಸೋರ್ಸನ್ನು ಒಂದೇ ಸಲ ಓದುತ್ತಾ ಓದುತ್ತಾ ನೇರವಾಗಿ ಯಂತ್ರಕೋಡ್ ಬರೆದುಬಿಡುತ್ತೆ.

ಹಾಗಾದರೆ ಗೆರೆ ಎಲ್ಲಿ? ಅದು ಫೈಲಿನ ಅಂಚಿನಲ್ಲಿದೆ. 386ಕ್ಕೆ ಒಂದು ಫೈಲ್, ಆರ್ಮ್‌ಗೆ ಒಂದು, 64 ಬಿಟ್ ಇಂಟೆಲ್‌ಗೆ ಒಂದು, ಆಮೇಲೆ 64 ಬಿಟ್ ಆರ್ಮ್‌ಗೆ, ರಿಸ್ಕ್-ವಿಗೆ. ಪ್ರತಿ ಫೈಲೂ ಅದೇ ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡಬೇಕು: ಒಂದು ಮೌಲ್ಯವನ್ನು ರಿಜಿಸ್ಟರ್‌ಗೆ ತರೋದು ಹೇಗೆ, ವಾಪಸ್ ಬರೆಯೋದು ಹೇಗೆ, ಕೂಡೋದು ಕಳೆಯೋದು ಹೇಗೆ, ಫಂಕ್ಷನ್ ಕರೆಯೋದು ಹೇಗೆ, ಜಂಪ್ ಮಾಡೋದು ಹೇಗೆ. ಕಂಪೈಲ್ ಆಗೋದು ಕಣ್ಣು ಮಿಟುಕಿಸುವಷ್ಟರಲ್ಲಿ. ಹುಟ್ಟುವ ಕೋಡ್ ಮಾತ್ರ ಜಿಸಿಸಿ ಕೊಡುವುದಕ್ಕಿಂತ ನಿಧಾನ. ಮರವೇ ಇಲ್ಲದ ಮೇಲೆ ಯಾವ ಕೊಂಬೆ ಮೊದಲು ಅಂತ ಯೋಚಿಸೋಕೆ ಅವಕಾಶ ಎಲ್ಲಿ? ಗೆರೆ ಎಲ್ಲಿ ಎಳೆದರೂ ಅದಕ್ಕೊಂದು ಬೆಲೆ ಇದ್ದೇ ಇದೆ.

ಯಂತ್ರಗಳು ಹೋದವು, ಕೋಡ್ ಉಳಿಯಿತು

ಈಗ ಹಿಂತಿರುಗಿ ನೋಡಿ. ಪಿಡಿಪಿ-11 ಮ್ಯೂಸಿಯಂ ಸೇರಿದೆ. ಇಂಟರ್‌ಡೇಟಾ ಹೆಸರು ಕೇಳಿದವರೇ ಅಪರೂಪ. ವ್ಯಾಕ್ಸ್ ಹೋಯಿತು, ಡಿಇಸಿ ಅನ್ನೋ ದೊಡ್ಡ ಕಂಪನಿಯೇ ಇಲ್ಲ. ಆ ಯಂತ್ರಗಳ ಮೇಲೆ ಮೊದಲು ಬರೆದ ಗ್ರೆಪ್, ಮೇಕ್, ಆಕ್ ಹೆಸರುಗಳನ್ನು ಮಾತ್ರ ನಾವು ಇವತ್ತೂ ಬೆಳಿಗ್ಗೆ ಎದ್ದು ಟೈಪ್ ಮಾಡ್ತೀವಿ. ಪ್ರತಿ ತಲೆಮಾರಿನಲ್ಲೂ ಯಾರೋ ಒಬ್ಬರು ಕೂತು, ಹೊಸ ಯಂತ್ರಕ್ಕೆ ಒಂದು ಕೋಷ್ಟಕವನ್ನೋ ಪರಿಚಯಪತ್ರವನ್ನೋ ಫೈಲನ್ನೋ ಬರೆದುಕೊಟ್ಟರು. ಅದರಿಂದ ಅವು ಉಳಿದವು. ಸಾಫ್ಟ್‌ವೇರ್ ಒಬ್ಬ ಯಂತ್ರ ಮಾರಾಟಗಾರನ ಸ್ವತ್ತಾಗದೆ, ಅವನು ಅಂಗಡಿ ಮುಚ್ಚಿದ ಮೇಲೂ ಬದುಕೋದು ಸಾಧ್ಯವಾದದ್ದು ಹೀಗೆ.

ಗೆರೆಯ ಮೇಲೆ ಬರೆದಿಟ್ಟದ್ದು ಸುರಕ್ಷಿತವಾಗಿ ದಾಟಿತು. ಬರೆಯದೆ ಬಿಟ್ಟದ್ದು ಪ್ರೋಗ್ರಾಂಗಳೊಳಗೆ ಸೋರಿತು. 1989ರಲ್ಲಿ ಸಿ ಭಾಷೆಗೆ ಆನ್ಸಿ ಸ್ಟ್ಯಾಂಡರ್ಡ್ ಆದಾಗ ಚಾರ್‌ಗೆ ಚಿಹ್ನೆ ಇರಬೇಕೋ ಬೇಡವೋ ಅಂತ ಸಮಿತಿ ತೀರ್ಪು ಕೊಡಲಿಲ್ಲ. ಎರಡೂ ಕಡೆ ಆಗಲೇ ಬೇಕಾದಷ್ಟು ಕೋಡ್ ಇತ್ತು. ಚಿಹ್ನೆ ಬೇಕೇಬೇಕು ಅನ್ನುವವರಿಗೆ ಸೈನ್ಡ್ ಅಂತ ಹೊಸ ಪದ ಕೊಟ್ಟು, ಉಳಿದದ್ದನ್ನು ಕಂಪೈಲರ್ ಬರೆಯುವವರಿಗೆ ಬಿಟ್ಟರು. ಆಪಲ್ ಕಂಪನಿ ತನ್ನ ಆರ್ಮ್ ಯಂತ್ರಗಳಲ್ಲಿ ಚಾರ್‌ಗೆ ಚಿಹ್ನೆ ಇಟ್ಟುಕೊಂಡಿದೆ, ಆರ್ಮ್ ಲಿನಕ್ಸ್ ಇಟ್ಟುಕೊಂಡಿಲ್ಲ. ಅಂದರೆ ನಿಮ್ಮ ಎಂ1 ಮ್ಯಾಕ್‌ಬುಕ್‌ನಲ್ಲಿ ಟೆಸ್ಟ್ ಪಾಸ್ ಆದ ಕೋಡ್, ಅದೇ ಆರ್ಮ್ ಬಳಗದ ಕ್ಲೌಡ್ ಸರ್ವರ್‌ನಲ್ಲಿ ಫೇಲ್ ಆಗಬಹುದು.

ಆದ್ದರಿಂದ ಮುಂದಿನ ಸಲ ನಿಮ್ಮ ಟೀಮಿನಲ್ಲಿ ಆರ್ಮ್‌ಗೆ ಹೋಗುವ ಮಾತು ಬಂದಾಗ, ಎಲ್ಲ ಬಿಲ್ಡ್ ಆಯಿತು ಅಂತ ಟಿಕೆಟ್ ಮುಚ್ಚುವ ಮೊದಲು ಸ್ವಲ್ಪ ತಡೆಯಿರಿ. ಚಾರ್ ಅನ್ನು ಸಂಖ್ಯೆಯಾಗಿ ಬಳಸಿದ ಕಡೆಯೆಲ್ಲ ಹುಡುಕಿ, ಚಿಹ್ನೆ ಬೇಕೋ ಬೇಡವೋ ಸ್ಪಷ್ಟವಾಗಿ ಬರೆಯಿರಿ. ಬೈಟ್‌ಗಳನ್ನು ನೇರವಾಗಿ ಫೈಲಿಗೋ ನೆಟ್‌ವರ್ಕ್‌ಗೋ ಸುರಿದ ಕಡೆ ಕ್ರಮ ಯಾವುದು ಅಂತ ನೋಡಿ. ಜಾನ್ಸನ್ 1977ರಲ್ಲಿ ಇಂಟರ್‌ಡೇಟಾ ಮುಂದೆ ಕೂತು ಹುಡುಕಿದ್ದೂ ಇವನ್ನೇ.

ನಿಮ್ಮ ಕೋಡ್‌ನಲ್ಲಿ ಇಂಥದ್ದು ಏನಾದರೂ ಸಿಕ್ಕಿದ್ದರೆ ಬರೆದು ತಿಳಿಸಿ.